ಓಡಲು ಹೋಗಿ ಓಡದೆ ಬಂದ ದಿನ

ಆರೋಗ್ಯ ಕೈಜಾರುವ ಹೊತ್ತಿಗೆ ಅದರ ಬೆಲೆಯನ್ನು ಅರಿಯುವವರೇ ನಮ್ಮಲ್ಲಿ ಹೆಚ್ಚು. ನಾನೂ ಅವರಲ್ಲೊಬ್ಬ. ಪದವಿಪೂರ್ವ ಕಾಲೇಜಿನಲ್ಲಿ ಉಪನ್ಯಾಸಕನಾಗಿದ್ದ ನಾನು ಮನೆಗೆ ಬಂದರೆ ಕುಳಿತಲ್ಲಿಂದ ಏಳುತ್ತಿರಲಿಲ್ಲ. 47ನೆಯ ವಯಸ್ಸಿನಲ್ಲಿ ಮಾಡಿಸಿದ ರಕ್ತಪರೀಕ್ಷೆಯಲ್ಲಿ, ಬರಿಯ ಹೊಟ್ಟೆಯ ಸಕ್ಕರೆಯ ಪ್ರಮಾಣ 118 ಎಂದು ಬಂದಿತು. 100ರಿಂದ 125ರವರೆಗಿನದು ಮಧುಮೇಹದ ಹೊಸ್ತಿಲೆಂದು ವೈದ್ಯರು ವಿವರಿಸಿದರು. ಇದೇ ರೋಗದಿಂದ ನನ್ನ ತಂದೆಯವರು ಕಾಲಿನ ಎರಡು ಬೆರಳುಗಳನ್ನು ಕಳೆದುಕೊಂಡುದನ್ನು ಕಣ್ಣಾರೆ ಕಂಡಿದ್ದೆ. ಬೇರೆ ಎಚ್ಚರಿಕೆ ಬೇಕಾಗಲಿಲ್ಲ.

ಮರುದಿನದಿಂದಲೇ ಧಾರವಾಡದ ಕೆಲಗೇರಿ ಕೆರೆಯ ಕಡೆಗೆ ನಡೆಯತೊಡಗಿದೆ. ಆರು ತಿಂಗಳು ಬರಿಯ ನಡಿಗೆ. ಆನಂತರ ಹೃದಯದ ಪರೀಕ್ಷೆಗಳನ್ನು ಮಾಡಿಸಿಕೊಂಡು, ವೈದ್ಯರ ಒಪ್ಪಿಗೆ ಪಡೆದು, ಐದು ನಿಮಿಷ ನಡಿಗೆ, ಒಂದು ನಿಮಿಷ ಓಟ ಎಂಬ ಕ್ರಮದಲ್ಲಿ ಓಡುವುದನ್ನು ಕಲಿತೆ. ಹತ್ತು ಕಿಲೋಮೀಟರು ನಿಲ್ಲದೆ ಓಡಲು ಒಂದೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ಸಕ್ಕರೆಯ ಪ್ರಮಾಣ 100ರ ಕೆಳಗಿಳಿದಿತ್ತು. ನಾನು ಅಲ್ಲಿಗೆ ತೃಪ್ತನಾಗಬಹುದಿತ್ತು. ಆದರೆ ಜೊತೆಗೆ ಓಡುತ್ತಿದ್ದ ಗೆಳೆಯರು ಅರ್ಧ ಮ್ಯಾರಥಾನಿನ ರುಚಿ ಹತ್ತಿಸಿದರು.

ಪೂರ್ಣ ಮ್ಯಾರಥಾನಿನ ದೂರ 42.195 ಕಿಲೋಮೀಟರು. ಅದರ ಸರಿಯರ್ಧ, ಎಂದರೆ 21.0975 ಕಿಲೋಮೀಟರು, ಅರ್ಧ ಮ್ಯಾರಥಾನ್. ಇಂದು ನಮ್ಮ ದೇಶದ ಹಲವು ನಗರಗಳಲ್ಲಿ ಇಂತಹ ಓಟಗಳು ನಡೆಯುತ್ತವೆ. ಮುಂಬಯಿಯಲ್ಲಿ ಜನವರಿ, ಹೈದರಾಬಾದಿನಲ್ಲಿ ಆಗಸ್ಟ್, ಲೇಹ್‌ನಲ್ಲಿ ಸೆಪ್ಟೆಂಬರ್ ಹೀಗೆ ಒಂದೊಂದು ಊರಿಗೆ ಒಂದೊಂದು ಕಾಲ. ಮೊದಲು ಬರುವವರು ಬೆರಳೆಣಿಕೆಯ ಮಂದಿ. ಉಳಿದ ಸಾವಿರಾರು ಜನರು ನನ್ನಂತೆ ತಮ್ಮ ತೃಪ್ತಿಗಾಗಿ ಓಡುವವರು. ನನಗೆ ಈ ದೂರ ಮುಗಿಸಲು ಎರಡೂಮುಕ್ಕಾಲು ಗಂಟೆ ಬೇಕು.

ಹೈದರಾಬಾದಿನ ಪಾಠ

ಮೊದಲ ಎರಡು ಓಟಗಳು ಸುಸೂತ್ರವಾಗಿ ಮುಗಿದವು. ಮೂರನೆಯದು ಹೈದರಾಬಾದು. ಮಗಳು ಅಲ್ಲಿಯೇ ಉದ್ಯೋಗದಲ್ಲಿದ್ದುದರಿಂದ ಆ ಊರಿನ ಮೇಲೆ ವಿಶೇಷ ಆಸೆ. ಓಟಕ್ಕೆ ಒಂದು ವಾರವಿರುವಾಗ ನನಗೆ ಜ್ವರ ಬಂದಿತು. ಮೂರು ದಿನ ಮುಂಚೆ ಇಳಿಯಿತು. ಹಣ ಕಟ್ಟಿಯಾಗಿತ್ತು, ರಜೆ ಬರೆದಾಗಿತ್ತು, ಬಸ್ಸಿನ ಟಿಕೆಟ್ಟು ಕೈಯಲ್ಲಿತ್ತು. ಹುಬ್ಬಳ್ಳಿಯಿಂದ ರಾತ್ರಿಯ ಬಸ್ಸು ಹತ್ತಿದೆ. ನಿದ್ರೆ ಬರಲಿಲ್ಲ. ಓಟದ ದಿನ ನಸುಕಿನಲ್ಲಿ ಮೈಕೈ ನೋವು ಇದ್ದುದರಿಂದ ಯಾರಿಗೂ ಹೇಳದೆ ನೋವಿನ ಮಾತ್ರೆಯೊಂದನ್ನು ನುಂಗಿದೆ.

ಆಗಸ್ಟಿನ ಹೈದರಾಬಾದಿನಲ್ಲಿ ಬಿಸಿಲಿಗಿಂತ ಗಾಳಿಯ ತೇವ ಹೆಚ್ಚು ಕಾಡುತ್ತದೆ. ಬೆವರು ಆರಿದಾಗಲೇ ಮೈ ತಣ್ಣಗಾಗುವುದು. ತೇವ ತುಂಬಿದ ಗಾಳಿಯಲ್ಲಿ ಅದು ಆರದೆ ಸುರಿಯುತ್ತಲೇ ಇರುತ್ತದೆ. ಮೇಲಾಗಿ ಆ ನಗರದ ಹಾದಿಯಲ್ಲಿ ಮೇಲ್ಸೇತುವೆಗಳ ಏರಿಳಿತ. ಹದಿನಾರನೆಯ ಕಿಲೋಮೀಟರಿನ ಬಳಿ ಕಣ್ಣು ಮಂಜಾಯಿತು, ಎದೆ ವಿಪರೀತ ಹೊಡೆದುಕೊಂಡಿತು. ರಸ್ತೆಯ ವಿಭಜಕವನ್ನು ಹಿಡಿದು ಕುಳಿತದ್ದಷ್ಟೇ ನೆನಪು. ಅಪರಿಚಿತ ಯುವಕನೊಬ್ಬ ತನ್ನ ಓಟ ಬಿಟ್ಟು ನನ್ನನ್ನು ನೆರಳಿಗೆ ಎಳೆದುಕೊಂಡನಂತೆ. ಬಳಿಕ ಆಂಬುಲೆನ್ಸಿನಲ್ಲಿ ಕರೆದೊಯ್ದು ಚಿಕಿತ್ಸೆ ನೀಡಿದರು.

ನನ್ನ ಫೋನು ಮಗಳ ಬಳಿಯೇ ಇತ್ತು. ಆಕೆ ಮುಕ್ತಾಯದ ಗೆರೆಯ ಪಕ್ಕದಲ್ಲಿ ನಿಂತು, ಬರುವ ಒಂದೊಂದು ಮುಖವನ್ನೂ ನೋಡುತ್ತ ಒಂದೂವರೆ ಗಂಟೆ ಕಾದಿದ್ದಳು. ಕೊನೆಗೆ ನನ್ನನ್ನು ಹುಡುಕಿ ಬಂದವಳು ಅಳಲಿಲ್ಲ. "ಅಪ್ಪಾ, ನಿಮಗ ಪದಕ ಬೇಕಾಗಿತ್ತೋ, ನಾವು ಬೇಕಾಗಿದ್ವೋ?" ಎಂದಳು. ಉತ್ತರ ಕೊಡಲು ನನ್ನಲ್ಲಿ ಮಾತಿರಲಿಲ್ಲ.

ಊರಿಗೆ ಮರಳಿದ ಮೇಲೆ ವೈದ್ಯರು ತಿಳಿಯಹೇಳಿದ್ದನ್ನು ಓದುಗ ಬಂಧುಗಳೂ ಮನಸ್ಸಿನಲ್ಲಿಡಬೇಕೆಂದು ವಿನಂತಿ. ವೈರಾಣು ಜ್ವರ ಬಂದು ಹೋದ ಬೆನ್ನಲ್ಲೇ ಕಠಿಣ ಶ್ರಮ ಮಾಡಬಾರದು. ಕೆಲವೊಮ್ಮೆ ಆ ಸೋಂಕು ಹೃದಯದ ಸ್ನಾಯುವಿಗೂ ತಗುಲಿ ಉರಿಯೂತ ಉಂಟುಮಾಡಿರುತ್ತದೆ. ಆಗ ಓಡಿದರೆ ಹೃದಯದ ಬಡಿತ ತಪ್ಪಿ ಪ್ರಾಣಕ್ಕೇ ಅಪಾಯವಾಗಬಹುದು. ನೋವಿನ ಮಾತ್ರೆ ನೋವನ್ನು ಮರೆಸುತ್ತದೆ, ನೋವಿನ ಕಾರಣವನ್ನಲ್ಲ. ಬೆವರಿನಿಂದ ನೀರಿನಂಶ ಕಳೆದುಕೊಂಡ ದೇಹದಲ್ಲಿ ಅಂತಹ ಹಲವು ಮಾತ್ರೆಗಳು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ನನ್ನ ಹೃದಯ, ಮೂತ್ರಪಿಂಡ ಎರಡೂ ಉಳಿದವು. ಎರಡು ತಿಂಗಳು ಓಟಕ್ಕೆ ವಿರಾಮ ಸಿಕ್ಕಿತು.

ಸಾತಾರಾದಲ್ಲಿ

ಮರುವರ್ಷ ಸಾತಾರಾದ ಬೆಟ್ಟದ ಓಟಕ್ಕೆ ಹೆಸರು ಬರೆಸಿದೆ. ಧಾರವಾಡದಿಂದ ಬೆಳಗಾವಿ, ನಿಪ್ಪಾಣಿ, ಕೊಲ್ಲಾಪುರದ ಮಾರ್ಗವಾಗಿ ಸುಮಾರು ಮುನ್ನೂರು ಕಿಲೋಮೀಟರು. ಊರಿನಿಂದ ಯವತೇಶ್ವರ ಘಾಟನ್ನು ಏರಿ ಮತ್ತೆ ಇಳಿಯುವ ಹಾದಿಯದು. ಅದೇ ರಸ್ತೆ ಮುಂದೆ ಮಳೆಗಾಲದ ಹೂಗಳಿಗೆ ಹೆಸರಾದ ಕಾಸ್ ಪ್ರಸ್ಥಭೂಮಿಗೆ ಹೋಗುತ್ತದೆ. ಅದಕ್ಕಾಗಿ ನಾಲ್ಕು ತಿಂಗಳು ಏರುದಾರಿಯಲ್ಲಿ ಅಭ್ಯಾಸ ಮಾಡಿದ್ದೆ. ಈ ಬಾರಿ ಹೆಂಡತಿಯೂ ಜೊತೆಗೆ ಬಂದಿದ್ದರು.

ಹಿಂದಿನ ರಾತ್ರಿ ಹೆದ್ದಾರಿಯ ಊಟದಲ್ಲಿ ಏನೋ ಹೆಚ್ಚುಕಡಿಮೆಯಾಯಿತು. ನಡುರಾತ್ರಿಯಿಂದ ನಾಲ್ಕು ಬಾರಿ ಹೊಟ್ಟೆ ಕೆಟ್ಟಿತು. ನಸುಕಿನ ನಾಲ್ಕು ಗಂಟೆಗೆ ಅಂಗಿಯ ಎದೆಗೆ ಓಟದ ಕ್ರಮಸಂಖ್ಯೆಯನ್ನು ಪಿನ್ ಮಾಡಿಕೊಂಡು ಹಾಸಿಗೆಯ ಅಂಚಿನಲ್ಲಿ ಕುಳಿತೆ. "ನಿಧಾನ ಓಡಿದರಾತು" ಎಂದು ಮನಸ್ಸು ಹೇಳುತ್ತಿತ್ತು. ಹೆಂಡತಿ ಒಂದು ಲೋಟ ಉಪ್ಪು-ಸಕ್ಕರೆಯ ನೀರು ಕೈಗಿತ್ತು, "ನೀವ ವಿಚಾರ ಮಾಡ್ರಿ" ಎಂದಷ್ಟೇ ನುಡಿದರು. ನಾನು ಒಂದೊಂದಾಗಿ ಪಿನ್ನು ಬಿಚ್ಚಿದೆ.

ಬೆಳಕು ಹರಿದ ಮೇಲೆ ಇಬ್ಬರೂ ಘಾಟಿನ ಬುಡದ ಕಡೆಗೆ ಮೆಲ್ಲಗೆ ನಡೆದು ಹೋದೆವು. ಮಂಜಿನೊಳಗಿಂದ ಓಟಗಾರರು ಇಳಿದು ಬರುತ್ತಿದ್ದರು. ರಸ್ತೆಯ ಬದಿಯಲ್ಲಿ ಶಾಲೆಯ ಮಕ್ಕಳು ಡೋಲು ಬಾರಿಸುತ್ತಿದ್ದರು. ನಾವೂ ಚಪ್ಪಾಳೆ ತಟ್ಟಿದೆವು. ಹೊಟ್ಟೆಕಿಚ್ಚಾಗಲಿಲ್ಲವೆಂದರೆ ಸುಳ್ಳಾದೀತು. ಆದರೆ ಅಂದು ಮಧ್ಯಾಹ್ನ ನನ್ನ ಕಾಲ ಮೇಲೆ ನಾನು ನಡೆದು ಬಸ್ಸು ಹತ್ತಿದೆ. ಮನೆಯಲ್ಲಿ ಹಲವು ಪದಕಗಳಿವೆ. ಸಾತಾರಾದ ಆ ಹಾಳೆಯನ್ನು ಮಾತ್ರ ನಾನು ಓದುವ ಮೇಜಿನ ಎದುರು ಅಂಟಿಸಿಕೊಂಡಿದ್ದೇನೆ.

ಪರಊರಿಗೆ ಹೋಗುವವರು ಗಮನಿಸಬೇಕಾದುದು

ಪರಊರಿನ ಓಟದಲ್ಲಿ ದೂರಕ್ಕಿಂತ ಪ್ರಯಾಣವೇ ಹೆಚ್ಚು ಪರೀಕ್ಷಿಸುತ್ತದೆ. ಜಾತ್ರೆಗೆ ಪಾದಯಾತ್ರೆ ಹೋಗುವ ನಮ್ಮ ಹಿರಿಯರಿಗೆ ಇದು ಹೊಸತಲ್ಲ. ಅವರು ಹೊಸ ಚಪ್ಪಲಿ ಮೆಟ್ಟಿ ಹೊರಡುವುದಿಲ್ಲ, ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ತಿನ್ನುವುದಿಲ್ಲ. ಓಟಕ್ಕೂ ಅದೇ ನಿಯಮ. ಆಗಲೇ ಒಗ್ಗಿದ ಬೂಟು, ಮನೆಯಲ್ಲಿ ರೂಢಿಯಾದ ಸಾದಾ ಅನ್ನ, ಬಾಳೆಹಣ್ಣು ಸಾಕು. ಆದಷ್ಟೂ ಒಂದು ದಿನ ಮುಂಚಿತವಾಗಿ ತಲುಪಬೇಕು. ಓಟದ ಹಿಂದಿನ ರಾತ್ರಿ ಉತ್ಸಾಹದಿಂದ ನಿದ್ರೆ ಬಾರದಿರಬಹುದು, ಆದ್ದರಿಂದ ಅದರ ಹಿಂದಿನ ರಾತ್ರಿಯ ನಿದ್ರೆಯನ್ನು ಕೆಡಿಸಿಕೊಳ್ಳಬಾರದು. ದೀರ್ಘ ಪ್ರಯಾಣದಲ್ಲಿ ಆಗಾಗ ಎದ್ದು ಕಾಲಾಡಿಸಬೇಕು.

ನೀರನ್ನು ಬಾಯಾರಿಕೆಗೆ ತಕ್ಕಷ್ಟು ಕುಡಿಯಬೇಕು. ಹೆದರಿ ಅತಿಯಾಗಿ ಕುಡಿದರೆ ರಕ್ತದಲ್ಲಿನ ಉಪ್ಪಿನಂಶ ತಗ್ಗಿ ಅದೂ ಅಪಾಯವೇ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಓಟದ ದಿನದ ಪ್ರಮಾಣವನ್ನು ವೈದ್ಯರಿಂದ ಮೊದಲೇ ಕೇಳಿಕೊಂಡಿರಬೇಕು. ಸುಮಾರು 3,500 ಮೀಟರು ಎತ್ತರದ ಲೇಹ್‌ನಂತಹ ಊರಿಗೆ ಹೋಗುವವರು ತೆಳುವಾದ ಗಾಳಿಗೆ ದೇಹ ಹೊಂದಿಕೊಳ್ಳಲು ಹಲವು ದಿನ ಮುಂಚೆಯೇ ತಲುಪಬೇಕು. ಎದೆಯಲ್ಲಿ ಬಿಗಿತ, ತಲೆಸುತ್ತು, ತಡೆಯಲಾಗದ ಉಸಿರುಕಟ್ಟು ಕಾಣಿಸಿದರೆ ಗೆರೆ ನೂರು ಹೆಜ್ಜೆಯಾಚೆಗಿದ್ದರೂ ನಿಲ್ಲಬೇಕು. ಅಂಗಿಯೊಳಗೆ ಮನೆಯವರ ದೂರವಾಣಿ ಸಂಖ್ಯೆ ಬರೆದ ಚೀಟಿಯಿರಲಿ.

ಕಳೆದ ವರ್ಷ ಶ್ರೀರಂಗಪಟ್ಟಣದ ಬಳಿ ಕಾವೇರಿ ನಾಲೆಯ ದಂಡೆಯ ಮೇಲಿನ ಮಣ್ಣುಹಾದಿಯಲ್ಲಿ ಓಡಿದೆ. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಭತ್ತದ ಗದ್ದೆ. ಮೂರು ಗಂಟೆಗೆ ಎರಡು ನಿಮಿಷ ಕಡಿಮೆ. ನನ್ನ ಓಟಗಳಲ್ಲೆಲ್ಲ ಅತಿ ನಿಧಾನದ್ದು. ಗೆರೆಯ ಬಳಿ ಹೆಂಡತಿಯೂ ಮಗಳೂ ನಿಂತಿದ್ದರು. ಮಗಳು ಪದಕದ ಕಡೆಗೆ ನೋಡಲಿಲ್ಲ. ನನ್ನ ಮುಂಗೈ ಹಿಡಿದು ನಾಡಿ ಎಣಿಸಿದಳು.

ಬಂಧುಗಳೇ, ಎಲ್ಲರೂ ಇಪ್ಪತ್ತೊಂದು ಕಿಲೋಮೀಟರು ಓಡಬೇಕಿಲ್ಲ. ನಾಳೆ ಬೆಳಿಗ್ಗೆ ಇಪ್ಪತ್ತು ನಿಮಿಷ ನಡೆಯಿರಿ. ಓಡುವ ಮನಸ್ಸಾದರೆ ವೈದ್ಯರನ್ನು ಕಂಡು ಮೆಲ್ಲನೆ ಆರಂಭಿಸಿರಿ. ಹೊರಟ ಹಾದಿಯಿಂದ ಮರಳಬೇಕಾದ ದಿನ ಬಂದರೆ ನಾಚದೆ ಮರಳಿರಿ. ಸಾತಾರಾದ ಬೆಟ್ಟ ಇನ್ನೂ ಅಲ್ಲಿಯೇ ಇದೆ. ಬರುವ ವರ್ಷ ಮತ್ತೆ ಹೆಸರು ಬರೆಸಬೇಕೆಂದಿದ್ದೇನೆ.