ಸೂಜಿ ಒಲ್ಲದ ಬಟ್ಟೆ

ಈ ಬಟ್ಟೆ ತೊಡುವ ಮೊದಲು ಉಂಗುರ, ಬಳೆ ತೆಗೆದಿಡಬೇಕು. ಉಗುರು ಕತ್ತರಿಸಿಕೊಂಡಿರಬೇಕು. ಒಳಮೈಗೆಲ್ಲ ಪೌಡರ್ ಉದುರಿಸಿಯೋ, ಸಿಲಿಕೋನ್ ಎಣ್ಣೆ ಸವರಿಯೋ ಇಷ್ಟಿಷ್ಟೇ ಮೈಮೇಲೆ ಜಾರಿಸಿಕೊಳ್ಳಬೇಕು. ಅವಸರಕ್ಕೆ ಅಂಚು ಹಿಡಿದು ಜಗ್ಗಿದರೆ ಹರಿದಂತೆಯೇ ಲೆಕ್ಕ. ಬೆವರನ್ನು ಅದು ಹೀರುವುದಿಲ್ಲ, ಗಾಳಿಯನ್ನು ಒಳಬಿಡುವುದಿಲ್ಲ. ಕಳಚಿದ ಮೇಲೆ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಮತ್ತೆ ಪೌಡರ್ ಹಾಕಿ ಕತ್ತಲಲ್ಲಿ ಎತ್ತಿಡಬೇಕು. ಇಸ್ತ್ರಿಯ ಮಾತೇ ಬೇಡ. ಅಜ್ಜಿಯ ಜರತಾರಿ ಸೀರೆಗೂ ಇಷ್ಟು ಉಪಚಾರ ನಡೆದದ್ದನ್ನು ನಾನು ಕಂಡಿಲ್ಲ.

ಲೇಟೆಕ್ಸ್ ಉಡುಪು ಎಂದರೆ ಇದೇ. 2009ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನಲ್ಲಿ ಗಾಯಕಿ ಲೇಡಿ ಗಾಗಾ ಕೆಂಪು ಗೌನು ತೊಟ್ಟು ರಾಣಿ ಎಲಿಜಬೆತ್ತರ ಮುಂದೆ ಮಂಡಿ ಬಾಗಿಸಿ ನಮಸ್ಕರಿಸಿದಳಲ್ಲ, ಆ ಗೌನು ರಬ್ಬರಿನದು. ಲಂಡನ್ನಿನ ವಿನ್ಯಾಸಕಿ ಅಟ್ಸುಕೊ ಕುಡೊ ಮಾಡಿಕೊಟ್ಟದ್ದು. ನಮ್ಮ ಸುಳ್ಯದ ಗುಡ್ಡಗಳಲ್ಲಿ ಬೆಳಗಿನ ಜಾವ ಗೆರಟೆಗೆ ತೊಟ್ಟಿಕ್ಕುವ ರಬ್ಬರ್ ಮರದ ಹಾಲಿನ ಜಾತಿಯದೇ ಹಾಲು ಅರಮನೆಯವರ ಕಣ್ಣೆದುರು ಮಿನುಗುತ್ತಿತ್ತು.

ಇಷ್ಟೆಲ್ಲ ಮಡಿ-ಮೈಲಿಗೆ ಏಕೆ ಎಂದು ಹುಡುಕುತ್ತ ಹೋದರೆ, ಒಂದೊಂದು ನಿಯಮದ ಹಿಂದೆಯೂ ಯಾರದೋ ಸೋಲು ಸಿಗುತ್ತದೆ.

ರಬ್ಬರನ್ನು ಮೈಗೆ ತೊಡುವುದನ್ನು ಅಮೆಜಾನ್ ಕಾಡಿನ ಮೂಲನಿವಾಸಿಗಳು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಮಣ್ಣಿನ ಅಚ್ಚಿಗೆ ಮರದ ಹಾಲು ಬಳಿದು, ಹೊಗೆಗೆ ಹಿಡಿದು, ಮತ್ತೆ ಬಳಿದು ಪಾದರಕ್ಷೆ ಮಾಡುತ್ತಿದ್ದರು. ಹದಿನೆಂಟನೇ ಶತಮಾನದಲ್ಲಿ ಈ ವಸ್ತು ಯುರೋಪಿಗೆ ಬಂದಾಗ ಅಲ್ಲಿನವರಿಗೆ ಏನು ಮಾಡಬೇಕೆಂದೇ ತೋಚಲಿಲ್ಲ. 1770ರಲ್ಲಿ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ ಪೆನ್ಸಿಲ್ ಗೆರೆ ಅಳಿಸಲು ಇದು ಒಳ್ಳೆಯದು ಎಂದು ಬರೆದ. ಇಂಗ್ಲಿಷಿನಲ್ಲಿ ಅದರ ಹೆಸರು ಹುಟ್ಟಿದ್ದೇ ಈ ಉಜ್ಜುವ ಕೆಲಸದಿಂದ. ನಮ್ಮ ಶಾಲಾಮಕ್ಕಳು ಇವತ್ತಿಗೂ ಅದನ್ನು ರಬ್ಬರು ಎನ್ನುತ್ತಾರೆ, ಪಾಪ, ಅವರೇ ಸರಿ.

ಬಟ್ಟೆಯ ಕತೆ ನಿಜವಾಗಿ ಶುರುವಾಗುವುದು ಗ್ಲಾಸ್ಗೋದಲ್ಲಿ. ಚಾರ್ಲ್ಸ್ ಮೆಕಿಂಟಾಷ್ ಎಂಬ ರಸಾಯನ ತಜ್ಞ ಊರಿನ ಗ್ಯಾಸ್ ಕಾರ್ಖಾನೆಯಿಂದ ಡಾಂಬರು ಕೊಳ್ಳುತ್ತಿದ್ದ. ಅವನಿಗೆ ಬೇಕಿದ್ದದ್ದು ಬಣ್ಣದ ಕಾರ್ಖಾನೆಗೆ ಅಮೋನಿಯಾ. ಉಳಿಯುತ್ತಿದ್ದ ನ್ಯಾಫ್ತಾ ಎಂಬ ಎಣ್ಣೆಯಲ್ಲಿ ರಬ್ಬರ್ ಕರಗುತ್ತದೆ. ಕರಗಿದ್ದನ್ನು ಒಂದು ಬಟ್ಟೆಗೆ ಬಳಿದು ಮೇಲೊಂದು ಬಟ್ಟೆ ಒತ್ತಿದರೆ ಅಂಟಂಟೂ ಇಲ್ಲ, ನೀರೂ ಇಳಿಯುವುದಿಲ್ಲ. 1823ರಲ್ಲಿ ಪೇಟೆಂಟ್ ಸಿಕ್ಕಿತು. ಇಂಗ್ಲೆಂಡಿನಲ್ಲಿ ಮಳೆಕೋಟಿಗೆ ಅವನ ಹೆಸರೇ ನಿಂತಿತು, ಯಾವ ಮಾಯದಲ್ಲೋ ನಡುವೆ ಒಂದು ಹೆಚ್ಚಿನ ಅಕ್ಷರವನ್ನೂ ಸೇರಿಸಿಕೊಂಡು.

ಆದರೆ ಆ ಕೋಟು ತೊಟ್ಟವರ ಪಾಡು ಕೇಳಬೇಡಿ. ದರ್ಜಿ ಹೊಲಿದಲ್ಲೆಲ್ಲ ಸೂಜಿಯ ತೂತು, ತೂತಿನಲ್ಲೆಲ್ಲ ನೀರು. ಬೇಸಗೆಯಲ್ಲಿ ಜಿಗುಟು, ಚಳಿಗಾಲದಲ್ಲಿ ಹಲಗೆ. ವಾಸನೆಯಂತೂ ಮನುಷ್ಯನಿಗಿಂತ ಮೊದಲೇ ಮನೆಯೊಳಗೆ ಬರುತ್ತಿತ್ತು. ಇನ್ನೊಂದು ಸಂಗತಿ ತಯಾರಕರನ್ನೇ ಕಂಗೆಡಿಸಿತು: ಉಣ್ಣೆ ಬಟ್ಟೆಗೆ ಬಳಿದ ರಬ್ಬರು ಬೇಗ ಹಾಳಾಗುತ್ತಿತ್ತು. ಉಣ್ಣೆಯಲ್ಲಿ ಸಹಜವಾಗಿಯೇ ಇರುವ ಜಿಡ್ಡು ಅದನ್ನು ಒಳಗಿಂದ ತಿನ್ನುತ್ತಿತ್ತು. ಇನ್ನೂರು ವರ್ಷ ಕಳೆದರೂ ಆ ಜಗಳ ಮುಗಿದಿಲ್ಲ. ಲೇಟೆಕ್ಸ್ ಉಡುಪಿನ ಹತ್ತಿರ ಕೊಬ್ಬರಿ ಎಣ್ಣೆ, ವ್ಯಾಸಲೀನ್, ಕೈಗೆ ಹಚ್ಚುವ ಕ್ರೀಮು ಯಾವುದೂ ಸುಳಿಯಬಾರದು. ಎಣ್ಣೆ ಕುಡಿದ ರಬ್ಬರು ಉಬ್ಬಿ, ಸಡಿಲಾಗಿ, ಕೊನೆಗೆ ಕೈಗೇ ಬರುತ್ತದೆ. ಸಿಲಿಕೋನ್ ಎಣ್ಣೆ ಮಾತ್ರ ರಬ್ಬರಿನೊಳಕ್ಕೆ ಇಳಿಯದು; ಅದೊಂದಕ್ಕೇ ಪ್ರವೇಶ.

ಬಿಸಿಲು-ಚಳಿಗಳ ಕಾಟ ತಪ್ಪಿಸಿದವನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್. ಸಾಲಕ್ಕಾಗಿ ಮತ್ತೆ ಮತ್ತೆ ಜೈಲು ಕಂಡ ಮನುಷ್ಯ. ತಲೆಯಿಂದ ಕಾಲಿನವರೆಗೆ ರಬ್ಬರನ್ನೇ ತೊಟ್ಟು ತಿರುಗುತ್ತಿದ್ದ. ರಬ್ಬರ್ ಟೋಪಿ, ರಬ್ಬರ್ ಕೋಟು ಹಾಕಿ, ಕಾಸಿಲ್ಲದ ರಬ್ಬರ್ ಚೀಲ ಹಿಡಿದವನು ಎದುರಾದರೆ ಅವನೇ ಗುಡ್‌ಇಯರ್ ಎಂದು ಜನ ಆಡಿಕೊಳ್ಳುತ್ತಿದ್ದರಂತೆ. 1839ರಲ್ಲಿ ಗಂಧಕ ಬೆರೆಸಿದ ರಬ್ಬರು ಬಿಸಿ ಒಲೆಗೆ ತಾಗಿತು. ಕರಗಬೇಕಿದ್ದದ್ದು ಚರ್ಮದಂತೆ ಗಟ್ಟಿಯಾಯಿತು. ಅದರ ಮಾದರಿಗಳನ್ನು ನೋಡಿ ಗುಟ್ಟು ಬಿಡಿಸಿಕೊಂಡ ಇಂಗ್ಲೆಂಡಿನ ಥಾಮಸ್ ಹ್ಯಾನ್‌ಕಾಕ್ 1843ರಲ್ಲೇ ಅಲ್ಲಿ ಪೇಟೆಂಟಿಗೆ ಅರ್ಜಿ ಹಾಕಿಬಿಟ್ಟ. ಗುಡ್‌ಇಯರನಿಗೆ ತನ್ನ ದೇಶದ ಪೇಟೆಂಟ್ ಸಿಕ್ಕಿದ್ದು 1844ರಲ್ಲಿ. 1860ರಲ್ಲಿ ಅವನು ತೀರಿಕೊಂಡಾಗಲೂ ತಲೆಯ ಮೇಲೆ ಸಾಲವಿತ್ತು. ಅವನ ಹೆಸರಿನ ಟೈರ್ ಕಂಪನಿ ಹುಟ್ಟಿದ್ದು ಆಮೇಲೆ, ಅದಕ್ಕೂ ಅವನಿಗೂ ಕಾಸಿನ ಸಂಬಂಧವಿಲ್ಲ.

ಇಷ್ಟಾದರೂ ರಬ್ಬರು ಬಟ್ಟೆಯ ಬೆನ್ನೇರಿಯೇ ಬರುತ್ತಿತ್ತು. ಚರ್ಮಕ್ಕೆ ಚರ್ಮದಂತೆ ಅಂಟುವ ತೆಳು ರಬ್ಬರಿನ ಮೊದಮೊದಲ ತೊಡುಗೆಗಳಲ್ಲೊಂದು ಬಂದದ್ದು ಆಸ್ಪತ್ರೆಯಿಂದ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಅವರಿಗೆ ನೆರವಾಗುತ್ತಿದ್ದ ದಾದಿ ಕ್ಯಾರೊಲಿನ್ ಹ್ಯಾಂಪ್ಟನ್ ಅವರ ಕೈ, ಕ್ರಿಮಿನಾಶಕ ದ್ರಾವಣದಿಂದ ಸುಲಿದುಹೋಗುತ್ತಿತ್ತು. ಅವರಿಗಾಗಿ ಹಾಲ್‌ಸ್ಟೆಡ್ ತೆಳು ರಬ್ಬರಿನ ಕೈಗವಸು ಮಾಡಿಸಿದರು. 1890ರಲ್ಲಿ ಇಬ್ಬರ ಮದುವೆಯೂ ಆಯಿತು.

ಮುಂದೆ ಅಮೋನಿಯಾ ಬೆರೆಸಿ ಹಾಲನ್ನು ಹೆಪ್ಪುಗಟ್ಟದಂತೆ ದೂರದೇಶಕ್ಕೆ ಸಾಗಿಸುವುದು ರೂಢಿಯಾಯಿತು. ಹಾಲಿನಿಂದಲೇ ನೇರವಾಗಿ ನವಿರಾದ ಹಾಳೆ ತೆಗೆಯಬಹುದಾಯಿತು. ಆ ಹಾಳೆಯನ್ನು ಕತ್ತರಿಸಿ ಉಡುಪು ಮಾಡುವವರು ಮೆಕಿಂಟಾಷನ ಪಾಠ ಮರೆತಿರಲಿಲ್ಲ: ಸೂಜಿ ಮುಟ್ಟಲಿಲ್ಲ. ತೂತು ಬಿದ್ದಲ್ಲಿಂದ ರಬ್ಬರು ಸೀಳುತ್ತ ಹೋಗುತ್ತದೆ. ಆದ್ದರಿಂದ ಅಂಚಿಗೆ ಅಂಚು ಹೊಂದಿಸಿ, ಸೊಲ್ಯೂಷನ್ ಹಚ್ಚಿ, ಒಣಗಲು ಬಿಟ್ಟು, ಒತ್ತಿ ಅಂಟಿಸುತ್ತಾರೆ. ಹರಿದರೂ ಅದೇ ಚಿಕಿತ್ಸೆ. ನಮ್ಮೂರ ಸೈಕಲ್ ಶಾಪಿನವನು ಟ್ಯೂಬಿಗೆ ಪಂಕ್ಚರ್ ಹಾಕುವುದನ್ನು ನೋಡಿದ್ದರೆ ಸಾಕು, ಸಾವಿರಾರು ಪೌಂಡಿನ ಗೌನಿನ ಕಸಬು ಅರ್ಧ ತಿಳಿದಂತೆ.

ಬಹಳ ಕಾಲ ಈ ಉಡುಪು ಖಾಸಗಿ ಬಯಕೆಗಳ ಲೋಕದಲ್ಲಿ, ಪರದೆ ಎಳೆದ ಕೋಣೆಗಳಲ್ಲಿ ಉಳಿಯಿತು. 1974ರಲ್ಲಿ ವಿನ್ಯಾಸಕಿ ವಿವಿಯನ್ ವೆಸ್ಟ್‌ವುಡ್ ಮತ್ತು ಮಾಲ್ಕಂ ಮೆಕ್‌ಲಾರೆನ್ ಲಂಡನ್ನಿನ ಕಿಂಗ್ಸ್ ರೋಡಿನ ತಮ್ಮ ಅಂಗಡಿಯಲ್ಲಿ ಅದನ್ನು ಬೀದಿಯ ಉಡುಪಾಗಿ ಮಾರಿದರು. ಪಂಕ್ ಹುಡುಗ ಹುಡುಗಿಯರು ತೊಟ್ಟರು, ಹಿರಿಯರು ಮುಖ ಸಿಂಡರಿಸಿದರು. ಅಲ್ಲಿಂದ ರಾಣಿಯ ಎದುರಿಗೆ ಬರಲು 35 ವರ್ಷ ಹಿಡಿಯಿತು.

ರಬ್ಬರ್ ಮರ ಹಿಡಿದ ದಾರಿ ಇನ್ನೂ ಸುತ್ತು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬಾತ ಬ್ರೆಜಿಲಿನಿಂದ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸುಮಾರು 70,000 ಬೀಜ ತಂದ. ನೂರಕ್ಕೆ ನಾಲ್ಕೂ ಮೊಳೆಯಲಿಲ್ಲ. ಮೊಳೆತವುಗಳಲ್ಲಿ ಹೆಚ್ಚಿನವು ಸಿಲೋನಿಗೆ ಹೋದವು. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ಬಳಿಕ ಅದೇ ಸಿಲೋನಿನಿಂದ ಮರಳಿದ ತಮಿಳು ಕುಟುಂಬಗಳಿಗೆ ಬದುಕು ಕಟ್ಟಿಕೊಡಲೆಂದು ಸುಳ್ಯ, ಪುತ್ತೂರು ಕಡೆಯ ಗುಡ್ಡಗಳಲ್ಲಿ ಸರಕಾರವೇ ರಬ್ಬರ್ ತೋಟ ಎಬ್ಬಿಸಿತು. ಇಂದಿಗೂ ಬಿಸಿಲೇರುವ ಮೊದಲೇ ಅಲ್ಲಿ ಟ್ಯಾಪಿಂಗ್ ನಡೆಯುತ್ತದೆ. ಹೊತ್ತೇರಿದಂತೆ ಹಾಲು ಇಳಿಯುವುದು ಕಡಿಮೆ.

ಆ ಗುಡ್ಡದ ಬುಡದಲ್ಲೇ ಅಡಕೆ ತೋಟ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಕಲಸಿ ಮದ್ದು ಬಿಡುತ್ತಾರೆ. ಮೈಲುತುತ್ತಿನಲ್ಲಿರುವುದು ತಾಮ್ರ. ರಬ್ಬರಿಗೆ ತಾಮ್ರವೆಂದರೆ ಆಗದು. ಚೂರು ಸೇರಿದರೂ ಗಾಳಿಯೊಡನೆ ಕೂಡಿ ಅದನ್ನು ಬೇಗ ಮುದಿಯಾಗಿಸುತ್ತದೆ. ಮದ್ದು ಕಲಸಿದ ಡ್ರಮ್ಮಿಗೆ ರಬ್ಬರ್ ಹಾಲು ಸುರಿಯುವಂತಿಲ್ಲ. ಅತ್ತ ಲಂಡನ್ನಿನಲ್ಲಿ ಬಿಳಿ ಲೇಟೆಕ್ಸ್ ಗೌನು ತೊಡಲು ಹೊರಟವಳು, ಈಗಷ್ಟೇ ಪೆನ್ನಿ ನಾಣ್ಯ ಎಣಿಸಿದ್ದರೆ, ಮೊದಲು ಸೋಪು ಹಚ್ಚಿ ಕೈ ತೊಳೆಯುತ್ತಾಳೆ. ಇಲ್ಲದಿದ್ದರೆ ಹೆಬ್ಬೆರಳಿನ ಕಂದು ಗುರುತು ಗೌನಿನ ಮೇಲೆ ಮೂಡುತ್ತದೆ. ಅದನ್ನು ಯಾವ ಸೋಪೂ ತೆಗೆಯುವುದಿಲ್ಲ.