ಶುಗರ್ ಇಳಿಯುತ್ತಿಲ್ಲವೇ? ಮನಸ್ಸನ್ನೂ ಒಮ್ಮೆ ವಿಚಾರಿಸಿ

ಹೊತ್ತು ಹೊತ್ತಿಗೆ ಶುಗರ್ ಮಾತ್ರೆ, ಬಿಪಿ ಮಾತ್ರೆ. ಕಾಫಿಗೆ ಸಕ್ಕರೆ ಬಿಟ್ಟು ವರ್ಷವಾಯ್ತು. ರಾತ್ರಿ ಅನ್ನದ ಬದಲು ಚಪಾತಿ. ಆದರೂ ರಿಪೋರ್ಟ್ ನೋಡಿದ ಡಾಕ್ಟರು ‘ಏನಮ್ಮಾ, ಮತ್ತೆ ಜಾಸ್ತಿಯಾಗಿದೆಯಲ್ಲ’ ಅಂತಾರೆ. ನಿಮಗೋ ಬೆಳಗ್ಗೆ ಏಳೋಕೇ ಮನಸ್ಸಿಲ್ಲ. ಇಷ್ಟದ ಧಾರಾವಾಹಿಯೂ ಬೇಡ, ಪಕ್ಕದ ಮನೆಯವರ ಮಾತೂ ಬೇಡ. ‘ಶುಗರ್ ಇದ್ದೋರಿಗೆ ಸುಸ್ತು ಇದ್ದದ್ದೇ’ ಎಂದು ಸುಮ್ಮನಾಗುತ್ತೀರಿ.

ಸ್ವಲ್ಪ ತಾಳಿ. ಅದು ಬರೀ ಸುಸ್ತಲ್ಲದೆ ಖಿನ್ನತೆಯೂ ಆಗಿರಬಹುದು.

ಒಂದಕ್ಕೊಂದು ನಂಟು

ಮಧುಮೇಹ ಇರುವವರಿಗೆ ಖಿನ್ನತೆ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು 2 ಪಟ್ಟು ಹೆಚ್ಚು. ಹೃದಯದ ತೊಂದರೆ, ಸಂಧಿವಾತ ಇದ್ದವರಿಗೂ ಈ ಅಪಾಯ ಇದ್ದೇ ಇದೆ. ಅದರಲ್ಲೂ ಗಂಡಸರಿಗಿಂತ ಹೆಂಗಸರಿಗೇ ಜಾಸ್ತಿ. ದಿನಾ ಪಥ್ಯ, ಮಾತ್ರೆ, ಖರ್ಚಿನ ಚಿಂತೆ ಮನಸ್ಸನ್ನು ಕುಗ್ಗಿಸುತ್ತವೆ. ಮನಸ್ಸು ಕುಗ್ಗಿದರೆ ವಾಕಿಂಗ್ ನಿಲ್ಲುತ್ತೆ, ಮಾತ್ರೆ ತಪ್ಪುತ್ತೆ, ಊಟ ಹೊತ್ತಿಗೆ ಆಗಲ್ಲ. ಶುಗರ್ ಮತ್ತೆ ಏರುತ್ತೆ.

ಕ್ಲಿನಿಕ್‌ನಲ್ಲಿ ನಾವು ಹೇಳೋದು ಮೈಕೈ ನೋವು, ತಲೆನೋವು, ಗ್ಯಾಸ್ಟ್ರಿಕ್ ಮಾತ್ರ. ಹೊರಗೆ ಹತ್ತು ಜನ ಕಾದಿರುತ್ತಾರೆ, ಜೊತೆಗೆ ಬಂದ ಯಜಮಾನರಿಗೆ ಆಫೀಸಿನ ಆತುರ. ಮನಸ್ಸಿನ ಮಾತು ಬಾಯಿಗೆ ಬರೋದೇ ಇಲ್ಲ. ನೋವಿನ ಮಾತ್ರೆ ಹಿಡಿದು ಮನೆಗೆ ವಾಪಸ್!

ಗಮನಿಸಿ ನೋಡಿ

2 ವಾರಗಳಿಂದ ಹೆಚ್ಚೂಕಡಿಮೆ ದಿನಾಲೂ ಹೀಗಾಗುತ್ತಿದೆಯೇ?

* ಬೇಸರ, ಕಾರಣವಿಲ್ಲದೆ ಅಳು
* ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು
* ನಿದ್ದೆ, ಹಸಿವು ತೀರಾ ಕಡಿಮೆ ಅಥವಾ ತೀರಾ ಹೆಚ್ಚು
* ‘ನಾನು ಯಾರಿಗೂ ಬೇಡ, ಎಲ್ಲರಿಗೂ ಭಾರ’ ಎಂಬ ಭಾವನೆ
* ಸಾಯುವ ಯೋಚನೆ

ಮೊದಲ ಎರಡರಲ್ಲಿ ಒಂದಿದ್ದರೂ ಡಾಕ್ಟರಿಗೆ ಹೇಳಿ. ಕೊನೆಯದು ಬಂದರಂತೂ ಒಂದು ದಿನವೂ ಕಾಯಬೇಡಿ, ಮನೆಯವರಿಗೂ ಕೂಡಲೇ ತಿಳಿಸಿ.

ಎರಡಕ್ಕೂ ಒಟ್ಟಿಗೇ ಮದ್ದು

ಬೆಂಗಳೂರು, ಚೆನ್ನೈ, ದೆಹಲಿ, ವಿಶಾಖಪಟ್ಟಣದ 4 ಮಧುಮೇಹ ಕ್ಲಿನಿಕ್‌ಗಳಲ್ಲಿ ಶುಗರ್ ಜೊತೆ ಖಿನ್ನತೆಯೂ ಇದ್ದ 404 ಜನರ ಮೇಲೆ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿಗೆ ಶುಗರ್, ಮನಸ್ಸು ಎರಡನ್ನೂ ಆಗಾಗ ವಿಚಾರಿಸುವ ಸಿಬ್ಬಂದಿ, ಅವರ ಬೆನ್ನಿಗೆ ತಜ್ಞ ವೈದ್ಯರು. 2 ವರ್ಷದ ನಂತರ ಖಿನ್ನತೆ ಅರ್ಧದಷ್ಟಾದರೂ ಇಳಿದು, ಶುಗರ್, ಬಿಪಿ, ಕೊಲೆಸ್ಟ್ರಾಲ್‌ನಲ್ಲಿ ಒಂದಾದರೂ ಸುಧಾರಿಸಿದವರು ಈ ಗುಂಪಿನಲ್ಲಿ ನೂರಕ್ಕೆ ಸುಮಾರು 72. ಎಂದಿನ ಚಿಕಿತ್ಸೆಯವರಲ್ಲಿ 57.

ನೀವೇನು ಮಾಡಬಹುದು?

* ಡಾಕ್ಟರ ಹತ್ತಿರ ಹೋಗುವ ಮುನ್ನ ಚೀಟಿಯಲ್ಲಿ ಬರೆದುಕೊಳ್ಳಿ. ‘ಡಾಕ್ಟ್ರೇ, 2 ವಾರದಿಂದ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಬರ್ತಿಲ್ಲ’ ಅಂದರೆ ಸಾಕು, ಮುಂದಿನದನ್ನು ಅವರೇ ಕೇಳುತ್ತಾರೆ.
* ಥೈರಾಯ್ಡ್ ಕೊರತೆ, ರಕ್ತಹೀನತೆ, ಬಿ12 ಕೊರತೆಯಲ್ಲೂ ಇಂಥದೇ ಸುಸ್ತು, ಬೇಸರ ಬರುತ್ತದೆ. ರಕ್ತಪರೀಕ್ಷೆ ಬೇಕೇ ಎಂದು ಕೇಳಿ.
* ತಗೊಳ್ಳುವ ಎಲ್ಲ ಮಾತ್ರೆಗಳನ್ನೂ ಜೊತೆಗೆ ಒಯ್ದು ತೋರಿಸಿ.
* ಖಿನ್ನತೆಯ ಮಾತ್ರೆ ಎಂದರೆ ನಿದ್ದೆ ಮಾತ್ರೆಯಲ್ಲ. ಗುಣ ಕಾಣಲು 2ರಿಂದ 4 ವಾರ ಬೇಕಾಗಬಹುದು. ‘ಹುಷಾರಾದೆ’ ಅಂತ ನೀವಾಗೇ ನಿಲ್ಲಿಸಬೇಡಿ. ಖಿನ್ನತೆ ಸೌಮ್ಯವಾಗಿದ್ದರೆ ಆಪ್ತಸಮಾಲೋಚನೆಯೇ ಸಾಕಾಗಬಹುದು.
* ದಿನಾ ಅರ್ಧ ಗಂಟೆ ನಡೆಯಿರಿ. ಗೆಳತಿಯೊಬ್ಬಳು ಜೊತೆಗಿದ್ದರೆ ತಪ್ಪಿಸೋಕೆ ನೆಪ ಸಿಗಲ್ಲ.
* ಹೇಳಿಕೊಳ್ಳೋಕೆ ಯಾರೂ ಇಲ್ಲವೇ? ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮಗುವಿಗೆ ಜ್ವರ ಬಂದರೆ, ಅತ್ತೆಯವರ ಮಂಡಿ ನೋವು ಜಾಸ್ತಿಯಾದರೆ ತಕ್ಷಣ ಡಾಕ್ಟರ ಹತ್ತಿರ ಕರೆದೊಯ್ಯುವವರು ನೀವೇ ತಾನೇ? ಅದೇ ಕಾಳಜಿ ನಿಮ್ಮ ಮೇಲೂ ಇರಲಿ. ಮುಂದಿನ ಸಲ ಶುಗರ್ ಚೆಕಪ್‌ಗೆ ಹೋದಾಗ ಮನಸ್ಸಿನ ಮಾತನ್ನೂ ಹೇಳಿಯೇ ಎದ್ದು ಬನ್ನಿ.