ಎದೆಯ ಮಿಡಿತ ಮತ್ತು ಏಳು ಭಯಗಳು

ಹಾಸನ ಜಿಲ್ಲೆಯ ಜನರು 2025ರ ಮೇ, ಜೂನ್ ತಿಂಗಳುಗಳನ್ನು ಬಹುಕಾಲ ಮರೆಯಲಾರರು. ಜಿಲ್ಲೆಯ ಬೇರೆ ಬೇರೆ ಊರುಗಳಿಂದ ಹಠಾತ್ ಸಾವಿನ ಸುದ್ದಿಗಳು ಒಂದರ ಹಿಂದೊಂದು ಬಂದವು. ಮೃತರಲ್ಲಿ ಹಲವರು ಇನ್ನೂ ಚಿಕ್ಕ ವಯಸ್ಸಿನವರು. ಎದೆಯಲ್ಲಿ ಕೊಂಚ ಅಳುಕು ಕಂಡವರೂ ಏನೂ ಕಾಣದವರೂ ಮೈಸೂರು, ಬೆಂಗಳೂರುಗಳ ಜಯದೇವ ಹೃದ್ರೋಗ ಸಂಸ್ಥೆಗಳ ಮುಂದೆ ಸಾಲುಗಟ್ಟಿ ನಿಂತರು. ಆ ಸಂಸ್ಥೆಯ ಅಂದಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸರ್ಕಾರ ರಚಿಸಿದ ಸಮಿತಿ ಜುಲೈನಲ್ಲಿ ವರದಿ ಕೊಟ್ಟಿತು. ಪರಿಶೀಲಿಸಿದ 24 ಸಾವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು, ಉಳಿದ 4ಕ್ಕೆ ಕಾರಣ ಬೇರೆ. ಅಸಹಜವೆನ್ನುವಂಥ ಏರಿಕೆ ಕಂಡುಬಂದಿಲ್ಲ ಎಂಬುದು ಅದರ ಸಾರ. ವರದಿಯನ್ನು ಓದಿ ಮಡಿಸಿಡಬಹುದು. ಎದೆಯೊಳಗೆ ಹೊಕ್ಕ ಭಯವನ್ನು ಹಾಗೆ ಮಡಿಸಿಡಲಾಗದು.

ಅಂಥ ಭಯಕ್ಕೆ ಅತಿ ಸುಲಭವಾಗಿ ಸಿಕ್ಕಿಬೀಳುವವರು ಒಂದು ವರ್ಗದ ಜನ. ಅವರ ಹೃದಯ ಗಟ್ಟಿಯಾಗಿಯೇ ಇರುತ್ತದೆ. ಆದರೆ ಆಗಾಗ ಒಂದು ಮಿಡಿತ ತಪ್ಪುತ್ತದೆ. ರಾತ್ರಿ ಎಡಮಗ್ಗುಲಾಗಿ ಮಲಗಿದ್ದಾಗ ಎದೆ ಒಮ್ಮೆ ನಿಂತಂತಾಗಿ, ಮರುಕ್ಷಣ ಒಳಗಿನಿಂದ ಯಾರೋ ಗುದ್ದಿದಂತಾಗುತ್ತದೆ. ದೀಪ ಹಾಕಿ ಎದ್ದು ಕೂತು, ಮಣಿಕಟ್ಟಿನ ಮೇಲೆ ಬೆರಳಿಟ್ಟು ನಾಡಿಯನ್ನು ಎಣಿಸಲಾರಂಭಿಸಿದರೆ ಆ ರಾತ್ರಿಯ ನಿದ್ರೆ ಮುಗಿದಂತೆ.

ನಿಜದಲ್ಲಿ ಅಲ್ಲಿ ಮಿಡಿತ ತಪ್ಪಿರುವುದಿಲ್ಲ. ಒಂದು ಮಿಡಿತ ಸರದಿಗೆ ಮುನ್ನವೇ ಬಂದಿರುತ್ತದೆ. ವೈದ್ಯರು ಇದನ್ನು ಎಕ್ಟೋಪಿಕ್ ಬೀಟ್ ಎನ್ನುತ್ತಾರೆ. ಮುಂಚಿತವಾಗಿ ಬಂದದ್ದರಿಂದ ಹೃದಯದಲ್ಲಿ ಆಗ ಹೆಚ್ಚು ರಕ್ತ ತುಂಬಿರುವುದಿಲ್ಲ, ಆ ಮಿಡಿತ ಅರಿವಿಗೇ ಬರುವುದಿಲ್ಲ. ಬಳಿಕ ಒಂದು ವಿರಾಮ. ಆ ವಿರಾಮದಲ್ಲಿ ತುಂಬಿಕೊಂಡ ಹೆಚ್ಚಿನ ರಕ್ತವನ್ನು ಮುಂದಿನ ಮಿಡಿತ ಬಲವಾಗಿ ತಳ್ಳುತ್ತದೆ. ಗುದ್ದಿದಂತೆ ಅನಿಸುವುದು ಅದೇ. ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಮಿಡಿಯುವ ಹೃದಯದಲ್ಲಿ ಇಂಥವು ಕೆಲವು ಇರುವುದು ಬಹುಪಾಲು ಜನರಲ್ಲಿ ಸಾಮಾನ್ಯ. ಇಪ್ಪತ್ತನಾಲ್ಕು ತಾಸು ಎದೆಗೆ ಹೋಲ್ಟರ್ ಯಂತ್ರ ಕಟ್ಟಿ ನೋಡಿದರೆ ಆರೋಗ್ಯವಂತರಲ್ಲೂ ಅವು ಕಾಣಸಿಗುತ್ತವೆ. ಉಸಿರು ಒಳಗೆಳೆದಾಗ ನಾಡಿ ತುಸು ವೇಗವಾಗುವುದು, ಬಿಟ್ಟಾಗ ನಿಧಾನವಾಗುವುದು ಕೂಡ ಆರೋಗ್ಯದ ಲಕ್ಷಣವೇ. ಗಡಿಯಾರದ ಮುಳ್ಳಿನಂತೆ ಹೃದಯ ನಡೆಯಬೇಕೆಂಬ ನಿರೀಕ್ಷೆಯೇ ತಪ್ಪು.

ನಿದ್ರೆಗೇಡು, ಜ್ವರ, ತಂಬಾಕು, ರಕ್ತಹೀನತೆ, ಥೈರಾಯ್ಡ್ ದೋಷ, ಮನಸ್ಸಿನ ಒತ್ತಡ ಇವನ್ನು ಹೆಚ್ಚಿಸಬಲ್ಲವು. ಬೇಲೂರಿನ ಪಶ್ಚಿಮಕ್ಕೆ ಹೋದರೆ ಕಾಫಿ ತೋಟಗಳದೇ ನಾಡು, ಆದ್ದರಿಂದ ಕಾಫಿಯ ಮಾತನ್ನೂ ಹೇಳಬೇಕು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ವೈದ್ಯರು 100 ಮಂದಿಯ ಎದೆಗೆ ಇಸಿಜಿ ಯಂತ್ರ ಕಟ್ಟಿ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಹೃದಯದ ಮೇಲಿನ ಕೋಣೆಗಳಲ್ಲಿ ಹುಟ್ಟುವ ಅಕಾಲ ಮಿಡಿತಗಳಲ್ಲಿ ಕಾಫಿ ಹೇಳಿಕೊಳ್ಳುವಂಥ ವ್ಯತ್ಯಾಸ ಮಾಡಲಿಲ್ಲ. ಕೆಳಗಿನ ಕೋಣೆಗಳಲ್ಲಿ ಹುಟ್ಟುವಂಥವು ಮಾತ್ರ ಕಾಫಿ ಕುಡಿಯದ ದಿನ 102 ಇದ್ದದ್ದು ಕುಡಿದ ದಿನ 154 ಆದವು. ನಿದ್ರೆ ಅರ್ಧ ಗಂಟೆಗೂ ಹೆಚ್ಚು ಕಡಿಮೆಯಾಯಿತು. ಕಾಫಿಯನ್ನು ಬಿಡಲೇಬೇಕೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಸಂಜೆಯ ಲೋಟವನ್ನು ಬಿಟ್ಟು ನೋಡಬಹುದು.

ಈ ಮಿಡಿತಗಳೊಡನೆ ತಲೆಸುತ್ತಿ ಬೀಳುವುದು, ಎದೆನೋವು, ಉಬ್ಬಸ ಕಂಡರೆ, ನಡೆಯುವಾಗ ಅಥವಾ ದುಡಿಯುವಾಗ ಅವು ಹೆಚ್ಚಿದರೆ, ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು ಸಂಭವಿಸಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಇಸಿಜಿ, ಎಕೊ ಮಾಡಿಸಿಕೊಳ್ಳುವುದು ಅಧೈರ್ಯವಲ್ಲ. ಆಹಾರ, ಅಭಯ, ಶಾಸ್ತ್ರಗಳ ಜೊತೆಗೆ ಔಷಧವನ್ನೂ ಚತುರ್ವಿಧ ದಾನಗಳಲ್ಲಿ ಸೇರಿಸಿದ ಧರ್ಮವಿದು; ಚಿಕಿತ್ಸೆಯನ್ನು ಅದು ಕಡೆಗಣಿಸಿಲ್ಲ. ಪ್ರಶ್ನೆ ಏಳುವುದು ಪರೀಕ್ಷೆಯ ನಂತರ. ಹೃದಯ ಸರಿಯಾಗಿದೆಯೆಂದು ವೈದ್ಯರು ಹೇಳಿ ಕಳುಹಿಸಿದ ಮೇಲೂ ಮತ್ತೊಬ್ಬ ವೈದ್ಯ, ಮತ್ತೊಂದು ಇಸಿಜಿ ಎಂದು ಅಲೆಯುವ ಮನಸ್ಸಿಗೆ ಏನು ಹೇಳಬೇಕು?

ಜೈನ ಕರ್ಮಸಿದ್ಧಾಂತ ಇಲ್ಲಿ ಬಹಳ ಸೂಕ್ಷ್ಮವಾದ ಒಂದು ಗೆರೆಯನ್ನು ಎಳೆದಿದೆ. ಶರೀರಕ್ಕೆ ಒದಗುವ ಸುಖದುಃಖಗಳ ಅನುಭವ ವೇದನೀಯ ಕರ್ಮದ ಉದಯದಿಂದ ಆಗುವಂಥದು. ಭಯ ಆ ಗುಂಪಿಗೆ ಸೇರುವುದಿಲ್ಲ. ಹಾಸ್ಯ, ರತಿ, ಅರತಿ, ಶೋಕ, ಜುಗುಪ್ಸೆ ಮೊದಲಾದವುಗಳೊಂದಿಗೆ ಅದನ್ನು ಒಂಬತ್ತು ನೋಕಷಾಯಗಳಲ್ಲಿ ಎಣಿಸಲಾಗಿದೆ. ಅವು ಮೋಹನೀಯ ಕರ್ಮದ ಭೇದಗಳು. ಎದೆಯಲ್ಲಿ ಗುದ್ದಿದಂತಾದದ್ದು ಒಂದು ಕರ್ಮದ ಫಲ, ಅದನ್ನು ಕಂಡು ನಡುಗಿದ್ದು ಇನ್ನೊಂದು ಕರ್ಮದ ಫಲ. ಅನುಭವದಲ್ಲಿ ಎರಡೂ ಒಂದೇ ಕ್ಷಣದಲ್ಲಿ ಬರುವುದರಿಂದ ಒಂದೇ ಎಂದು ತೋರುತ್ತವೆ. ಅವೆರಡರ ನಡುವೆ ಕೂದಲೆಳೆಯಷ್ಟಾದರೂ ಜಾಗವಿದೆ ಎಂದು ತಿಳಿದವನಿಗೆ ಅರ್ಧ ಭಾರ ಇಳಿದಂತೆ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಇನ್ನೂ ಮುಂದೆ ಹೋಗುತ್ತದೆ. ಇನ್ನೊಬ್ಬರಿಗೆ ದುಃಖ, ಶೋಕ, ತಾಪಗಳನ್ನು ಉಂಟುಮಾಡುವುದಷ್ಟೇ ಅಲ್ಲ, ತನಗೆ ತಾನೇ ಅವನ್ನು ಉಂಟುಮಾಡಿಕೊಳ್ಳುವುದೂ ಅಸಾತಾವೇದನೀಯದ ಆಸ್ರವಕ್ಕೆ ಕಾರಣವೆಂದು ಅದು ಹೇಳುತ್ತದೆ. ಆರ್ತಧ್ಯಾನದ ನಾಲ್ಕು ಬಗೆಗಳಲ್ಲಿ ಒಂದನ್ನು ವೇದನೆಗೇ ಮೀಸಲಿಟ್ಟಿದೆ. ನೋವು ಬಂದಾಗ ಅದು ಯಾವಾಗ ಹೋದೀತೆಂದು ಮತ್ತೆ ಮತ್ತೆ ಅದನ್ನೇ ನೆನೆಯುವ ಈ ಬಗೆಗೆ ಪೀಡಾಚಿಂತನವೆಂಬ ಹೆಸರೂ ಉಂಟು. ಅದನ್ನೂ ಧ್ಯಾನವೆಂದೇ ಕರೆದಿರುವುದು ಗಮನಾರ್ಹ. ನಡುರಾತ್ರಿ ನಾಡಿ ಹಿಡಿದು ಕುಳಿತವನ ಏಕಾಗ್ರತೆ ಎಷ್ಟೋ ವೇಳೆ ಸಾಮಾಯಿಕದಲ್ಲಿ ಕುಳಿತವನಿಗೂ ಇರುವುದಿಲ್ಲ! ಏಕಾಗ್ರತೆಯ ಶಕ್ತಿ ಅವನಲ್ಲಿ ಇದ್ದೇ ಇದೆ. ಅದು ಹಿಡಿದ ಆಲಂಬನ ಬೇರೆ, ಅಷ್ಟೆ.

ಸಮಯಸಾರದಲ್ಲಿ ಕುಂದಕುಂದಾಚಾರ್ಯರು ಸಮ್ಯಗ್ದೃಷ್ಟಿಯನ್ನು ಏಳು ಭಯಗಳಿಂದ ಮುಕ್ತನೆಂದು ವರ್ಣಿಸುತ್ತಾರೆ. ಇಹಲೋಕ, ಪರಲೋಕ, ಅರಕ್ಷಾ, ಅಗುಪ್ತಿ, ಮರಣ, ವೇದನಾ, ಆಕಸ್ಮಿಕ ಎಂಬುವು ಆ ಏಳು. ಮರಣಭಯವೊಂದನ್ನು ಹೇಳಿದ್ದರೆ ಸಾಲದೇ ಎಂದು ಕೇಳಬಹುದು. ಆದರೆ ಮಿಡಿತ ತಪ್ಪುವವರನ್ನು ಕೇಳಿದರೆ ಅವರು ಹೇಳುವುದು ಬೇರೆ. ಸಾವಿಗಿಂತಲೂ ಅವರನ್ನು ಕಾಡುವುದು ‘ಇದ್ದಕ್ಕಿದ್ದಂತೆ’ ಎಂಬ ಮಾತು. ಬಸ್ಸಿನಲ್ಲಿ, ಮದುವೆಯ ಪಂಕ್ತಿಯಲ್ಲಿ, ಮಗುವನ್ನು ಎತ್ತಿಕೊಂಡಾಗ ಏನಾದೀತೋ ಎಂಬ ಕಳವಳ. ಅದು ಆಕಸ್ಮಿಕಭಯ. ಆಚಾರ್ಯರು ಅದನ್ನು ಮರಣಭಯದಲ್ಲಿ ಬೆರೆಸದೆ ಬೇರೆಯಾಗಿಯೇ ಎಣಿಸಿದ್ದು ಮನುಷ್ಯನ ಮನಸ್ಸನ್ನು ಹತ್ತಿರದಿಂದ ಕಂಡದ್ದರಿಂದ ಇರಬೇಕು.

ಬೇಲೂರಿನಿಂದ ಹದಿನಾರು ಕಿಲೋಮೀಟರ್ ದೂರದ ಹಳೇಬೀಡಿಗೆ ಬಂದವರು ಹೊಯ್ಸಳೇಶ್ವರನ ಗುಡಿ ನೋಡಿ ಹಿಂದಿರುಗುವುದೇ ಹೆಚ್ಚು. ತುಸು ಮುಂದೆ ಬಸ್ತಿಹಳ್ಳಿಯಲ್ಲಿ ಆದಿನಾಥ, ಶಾಂತಿನಾಥ, ಪಾರ್ಶ್ವನಾಥ ಬಸದಿಗಳಿವೆ. ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಕಟ್ಟಿಸಿದವನು ಬೊಪ್ಪದೇವ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ತೀರಿಹೋದ ಬಳಿಕ ಮಗ ತಂದೆಯ ನೆನಪಿಗೆ ಎತ್ತಿಸಿದ ಜಿನಾಲಯವಿದು. ಅದರ ಪ್ರತಿಷ್ಠೆಯ ಗಂಧೋದಕ, ಶೇಷೆಗಳು ದೊರೆಯ ಕೈಸೇರಿದ ಹೊತ್ತಿಗೆ ಅವನಿಗೆ ಯುದ್ಧದಲ್ಲಿ ಜಯವೂ ದೊರೆತಿತ್ತು, ಮಗನೂ ಹುಟ್ಟಿದ್ದ. ಸಂತೋಷಗೊಂಡ ದೊರೆ ಸ್ವಾಮಿಗೆ ವಿಜಯಪಾರ್ಶ್ವನೆಂದು ಹೆಸರಿಟ್ಟ. ಒಬ್ಬನ ಅಗಲಿಕೆಯ ಶೋಕ, ಇನ್ನೊಬ್ಬನ ಮನೆಯ ತೊಟ್ಟಿಲು, ಎರಡೂ ಒಂದೇ ಬಸದಿಯ ಕಥೆಯಲ್ಲಿ ಸೇರಿಕೊಂಡಿವೆ.

ನವರಂಗದ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ. ಎದುರಿಗೆ ನಿಂತವರ ಆಕಾರ ಅವುಗಳಲ್ಲಿ ಉದ್ದವಾಗಿಯೋ ಸೊಟ್ಟಗಾಗಿಯೋ ಕಾಣುತ್ತದೆ. ಮಕ್ಕಳಿಗೆ ಅದೇ ಆಟ. ಒಳಗೆ ಕರಿಯ ಕಲ್ಲಿನ ಎತ್ತರದ ಪಾರ್ಶ್ವನಾಥ ಸ್ವಾಮಿ, ತಲೆಯ ಮೇಲೆ ಸರ್ಪದ ಹೆಡೆಗಳು. ಹಲವು ಜನ್ಮಗಳ ವೈರವನ್ನು ಹೊತ್ತ ಕಮಠನ ಜೀವ ಗಾಳಿ, ಮಳೆ, ಬಂಡೆಗಳಿಂದ ಉಪಸರ್ಗವನ್ನು ಒಡ್ಡಿದಾಗ ಧರಣೇಂದ್ರ, ಪದ್ಮಾವತಿಯರು ನೆರವಿಗೆ ಬಂದ ಕಥೆ ಮನೆಮನೆಗೂ ಗೊತ್ತು. ಸ್ವಾಮಿ ನೆರವನ್ನು ಕೂಗಿ ಕರೆಯಲಿಲ್ಲ, ಕಮಠನನ್ನು ಶಪಿಸಲೂ ಇಲ್ಲ. ನಿಂತ ನಿಲುವು ಕಾಯೋತ್ಸರ್ಗ. ಕಾಯವನ್ನು ಉತ್ಸರ್ಗ ಮಾಡುವುದೆಂದರೆ ದೇಹವನ್ನು ದಂಡಿಸುವುದೂ ಅಲ್ಲ, ಅಲಕ್ಷಿಸುವುದೂ ಅಲ್ಲ. ಅದರ ಮೇಲಿನ ‘ನನ್ನದು’ ಎಂಬ ಹಿಡಿತವನ್ನು ಸಡಿಲಿಸುವುದು.

ಅರಸೀಕೆರೆಯಲ್ಲಿ ರೇಚರಸ 1220ರಲ್ಲಿ ಕಟ್ಟಿಸಿದ ಸಹಸ್ರಕೂಟ ಜಿನಾಲಯವಿದೆ. ಸಹಸ್ರಕೂಟವೆಂದರೆ ಸಾವಿರ ಜಿನಬಿಂಬಗಳ ನೆಲೆ. ಎಣಿಸುವ ಚಾಳಿಯ ಮನಸ್ಸಿಗೆ ಎಣಿಸಲು ತಕ್ಕದ್ದನ್ನೇ ಕೊಡುವ ಜಾಣ್ಮೆ ಪರಂಪರೆಯಲ್ಲಿ ಮೊದಲಿನಿಂದಲೂ ಇದೆ. ಶ್ರಾವಕರು ನಿತ್ಯ ಮಾಡುವ ಕಾಯೋತ್ಸರ್ಗಕ್ಕೂ ಒಂದು ಲೆಕ್ಕವಿದೆ. ಪಂಚನಮಸ್ಕಾರ ಮಂತ್ರ 9 ಬಾರಿ, ಒಂದೊಂದಕ್ಕೆ 3 ಉಸಿರಿನಂತೆ ಒಟ್ಟು 27 ಉಸಿರು. ಅವಸರವಿಲ್ಲದೆ ಮಾಡಿದರೆ ನಾಲ್ಕೈದು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಹೃದಯ ಸುಮಾರು 300 ಬಾರಿ ಮಿಡಿದಿರುತ್ತದೆ. ನಡುವೆ ಒಂದು ಮಿಡಿತ ಸರದಿ ತಪ್ಪಿ ಬರಬಹುದು, ಎದೆ ಒಮ್ಮೆ ಗುದ್ದಿದಂತಾಗಬಹುದು. ಆಗ ಮಣಿಕಟ್ಟಿಗೆ ಬೆರಳು ಒಯ್ಯದೆ, ಬಿಟ್ಟಲ್ಲಿಂದಲೇ ಮುಂದಿನ ಉಸಿರನ್ನು ಎಣಿಸಿದರಾಯಿತು; ಮಂತ್ರವನ್ನು ಮೊದಲಿನಿಂದ ಆರಂಭಿಸಬೇಕಾಗಿಲ್ಲ.